ಯೋಧ ಸನ್ಯಾಸಿಯ ಮೈ ಯಾರದು?

ಒಂದು ಕಥೆಯಿಂದ ಶುರು ಮಾಡುತ್ತೇನೆ. 13ನೆಯ ಶತಮಾನದ ಆರಂಭದಲ್ಲಿ, ಪ್ಯಾಲೆಸ್ಟೀನಿನ ಕಡಲ ತಡಿಯಲ್ಲಿರುವ ಅಕ್ರೆ ಎಂಬ ಊರಿನಲ್ಲಿ ಜಾಕ್ ದ ವಿತ್ರಿ ಎಂಬ ಬಿಷಪ್ ಇದ್ದ. ಉಪದೇಶದಲ್ಲಿ ಪಳಗಿದವನು. ನಮ್ಮ ಹರಿಕಥೆ ದಾಸರ ಹಾಗೆ ನಡುನಡುವೆ ಉಪಕಥೆ ಹೇಳಿ ಕೇಳುವವರ ತೂಕಡಿಕೆ ಬಿಡಿಸುತ್ತಿದ್ದ. ಯೋಧ ಸನ್ಯಾಸಿಗಳಿಗೆಂದೇ ಮಾಡಿದ ಒಂದು ಉಪದೇಶದಲ್ಲಿ ಅವನು ಒಬ್ಬ ನೈಟ್‌ನ ಕಥೆ ಹೇಳುತ್ತಾನೆ. ಆ ನೈಟ್, ಎಂದರೆ ಕುದುರೆಯೇರಿ ಕಾದುವ ಯೋಧ, ಮಹಾ ದೈವಭಕ್ತ. ಸದಾ ಉಪವಾಸ, ರೊಟ್ಟಿ ಮತ್ತು ನೀರು ಬಿಟ್ಟರೆ ಬೇರೇನೂ ಮುಟ್ಟುವುದಿಲ್ಲ. ಒಂದು ದಿನ ಕಾಳಗ ನಡೆಯಿತು. ಎದುರಾಳಿಯ ಈಟಿ ಸ್ವಲ್ಪ ತಾಗಿದ್ದೇ ತಡ, ಈ ಮಹಾಶಯ ಕುದುರೆಯಿಂದ ಉರುಳಿದ. ಜೊತೆಗಾರನೊಬ್ಬ ತನ್ನ ಪ್ರಾಣ ಪಣಕ್ಕಿಟ್ಟು ಇಳಿದು ಬಂದು ಎತ್ತಿ ಕೂರಿಸಿದ. ಮತ್ತೊಂದು ಏಟು, ಮತ್ತೆ ನೆಲಕ್ಕೆ. ಎರಡನೆಯ ಸಲ ಎತ್ತಿ ಕೂರಿಸಿದ ಜೊತೆಗಾರ ಹೇಳಿದನಂತೆ: “ರೊಟ್ಟಿ-ನೀರಿನ ದೊರೆಯೇ, ಇನ್ನು ಮೇಲೆ ಹುಷಾರು. ಇನ್ನೊಮ್ಮೆ ಬಿದ್ದರೆ ಎತ್ತುವವನು ನಾನಲ್ಲ.”

ಈ ಕಥೆ ಓದಿದಾಗ ನಾನು ಗಟ್ಟಿಯಾಗಿ ನಕ್ಕಿದ್ದೆ. ಆಮೇಲೆ ಯೋಚನೆಗೆ ಬಿದ್ದೆ. ಸನ್ಯಾಸಿ ಎಂದ ಮೇಲೆ ದೇಹವನ್ನು ದಂಡಿಸಬೇಕು. ಯೋಧ ಎಂದ ಮೇಲೆ ದೇಹವನ್ನು ಕಾಪಾಡಬೇಕು. ಎರಡೂ ಒಬ್ಬನೇ ಆದರೆ? ಆ ಮೈ ಮೇಲೆ ಹಕ್ಕು ಯಾರದು? ಅವನದೋ, ದೇವರದೋ, ಅವನ ಸಂಘದ್ದೋ? ಇವತ್ತು ನಾನು ನಿಮ್ಮ ಮುಂದಿಡಬೇಕೆಂದಿರುವುದು ಇದೊಂದೇ ಪ್ರಶ್ನೆ. ನಾನು ಇತಿಹಾಸದ ಪ್ರಾಧ್ಯಾಪಕನಲ್ಲ, ಮೂಳೆ ವೈದ್ಯ. ಮೂವತ್ತು ವರ್ಷ ಮುರಿದ ಕೈಕಾಲು ನೋಡಿ ನಿವೃತ್ತನಾದವನು. ಹಾಗಾಗಿ ನಾನು ಕ್ರುಸೇಡುಗಳ, ಎಂದರೆ ಜೆರುಸಲೇಮಿಗಾಗಿ ಯುರೋಪಿನ ಕ್ರೈಸ್ತರು ಮಾಡಿದ ಧರ್ಮಯುದ್ಧಗಳ, ಚರಿತ್ರೆ ಓದುವಾಗ ಕಣ್ಣು ತಾನಾಗಿ ಗಾಯಗಳ ಕಡೆಗೆ ಹೋಗುತ್ತದೆ. ರಾಜಕಾರಣದ ಭಾಗ ಬಂದರೆ ಪುಟ ತಿರುವುತ್ತೇನೆ. ಅದಕ್ಕೆ ನಿಮ್ಮ ಕ್ಷಮೆಯಿರಲಿ.

ಹಿನ್ನೆಲೆಯನ್ನು ಬೇಗ ಹೇಳಿ ಮುಗಿಸುತ್ತೇನೆ. 1099ರಲ್ಲಿ ಯುರೋಪಿನ ಕ್ರೈಸ್ತ ಸೈನ್ಯ ಜೆರುಸಲೇಮನ್ನು ಹಿಡಿಯಿತು. ಯಾತ್ರಿಕರು ತಂಡೋಪತಂಡವಾಗಿ ಬರತೊಡಗಿದರು. ಕಾಯಿಲೆ ಬಿದ್ದ ಯಾತ್ರಿಕರನ್ನು ನೋಡಿಕೊಳ್ಳುತ್ತಿದ್ದ ಒಂದು ಆಸ್ಪತ್ರೆಗೆ 1113ರಲ್ಲಿ ಪೋಪ್ ಮಾನ್ಯತೆ ಕೊಟ್ಟರು. ಆ ಸೇವಕರೇ ಹಾಸ್ಪಿಟಲರ್‌ಗಳು. ದಾರಿಯಲ್ಲಿ ಯಾತ್ರಿಕರನ್ನು ಕಾಯಲು 1120ರ ಸುಮಾರಿಗೆ ಹುಟ್ಟಿಕೊಂಡವರು ಟೆಂಪ್ಲರ್‌ಗಳು. 1129ರಲ್ಲಿ ತ್ರುವಾ ಎಂಬ ಊರಿನ ಸಭೆಯಲ್ಲಿ ಅವರಿಗೆ ಲಿಖಿತ ಕಟ್ಟಳೆ ಸಿಕ್ಕಿತು. 1190ರಲ್ಲಿ ಜರ್ಮನ್ನರ ಟ್ಯೂಟನಿಕ್ ಸಂಘ. ಇವರ ಜೊತೆಗೆ ಕುಷ್ಠರೋಗಿಗಳ ಸೇಂಟ್ ಲಾಜರಸ್ ಸಂಘ. ಎಲ್ಲರದೂ ಮೂರು ವ್ರತ: ಬ್ರಹ್ಮಚರ್ಯ, ಬಡತನ, ವಿಧೇಯತೆ. ಮೂರನೆಯದನ್ನು ನೆನಪಿಟ್ಟುಕೊಳ್ಳಿ. ಈ ಕಥೆಯೆಲ್ಲ ಅದರಲ್ಲೇ ಇದೆ.

ಟೆಂಪ್ಲರ್‌ಗಳ ಕಟ್ಟಳೆಯಲ್ಲಿ ಊಟದ ಬಗ್ಗೆ ಒಂದು ಸೊಗಸಾದ ಮಾತಿದೆ. ಇಬ್ಬಿಬ್ಬರು ಒಂದೇ ಬಟ್ಟಲಿನಲ್ಲಿ ಉಣ್ಣಬೇಕು. ಯಾಕೆ? ಮೊದಲ ಕಾರಣ, ಬಟ್ಟಲುಗಳು ಕಡಿಮೆ. ಎರಡನೆಯದು ನಿಜವಾದ ಕಾರಣ: ಒಬ್ಬ ಇನ್ನೊಬ್ಬನ ಮೇಲೆ ಕಣ್ಣಿಟ್ಟಿರಬೇಕು, ಯಾರೂ ಕದ್ದು ಉಪವಾಸ ಮಾಡಬಾರದು. ಕದ್ದು ತಿನ್ನುವವರನ್ನು ಹಿಡಿಯಲು ಹಾಸ್ಟೆಲುಗಳಲ್ಲಿ ಕಾವಲಿಡುವುದನ್ನು ಕಂಡಿದ್ದೇವೆ. ಕದ್ದು ಹಸಿದಿರುವವರನ್ನು ಹಿಡಿಯಲು ಕಾವಲಿಟ್ಟದ್ದನ್ನು ನಾನು ಓದಿದ್ದು ಇಲ್ಲಿ ಮಾತ್ರ. ವಾರಕ್ಕೆ ಮೂರು ದಿನ ಮಾಂಸ ಉಂಟು. ದಿನಾ ತಿಂದರೆ ಮೈ ಕೆಡುತ್ತದೆ ಎಂದು ಕಟ್ಟಳೆಯೇ ಹೇಳುತ್ತದೆ. ಆದರೆ ಪೂರ್ತಿ ಬಿಡುವ ಹಾಗೂ ಇಲ್ಲ. ರೊಟ್ಟಿ-ನೀರಿನ ದೊರೆಗಳು ಆ ಬಿಷಪ್ ಕಾಲಕ್ಕಿಂತ ಮೊದಲೇ ಇದ್ದಿರಬೇಕು, ಇಲ್ಲದಿದ್ದರೆ ಈ ನಿಯಮ ಯಾಕೆ ಬೇಕಾಗುತ್ತಿತ್ತು?

ಸಂಘಕ್ಕೆ ಸೇರುವ ದಿನವೇ ಒಂದು ಪ್ರಶ್ನೆ ಕೇಳುತ್ತಿದ್ದರು: ನಿನ್ನ ಮೈಯಲ್ಲಿ ಗುಟ್ಟಾದ ಕಾಯಿಲೆ ಏನಾದರೂ ಇದೆಯೇ? ಮುಚ್ಚಿಟ್ಟದ್ದು ಮುಂದೆ ಗೊತ್ತಾದರೆ ಸಂಘದಿಂದಲೇ ಹೊರಗೆ. ಇವತ್ತಿನ ವಿಮಾ ಕಂಪನಿಯವರು ಕೇಳುವ ಪ್ರಶ್ನೆಯೂ ಇದೇ ತಾನೆ! ಒಳಗೆ ಬಂದ ಮೇಲೆ ಕಾಯಿಲೆ ಬಿದ್ದರೆ ಮಾತ್ರ ಕಥೆ ಬೇರೆ. ಆಗ ಅವನು ಆರೈಕೆ ಮನೆಗೆ ಹೋಗುತ್ತಾನೆ. ಅಲ್ಲಿ ಪಥ್ಯ. ಪಥ್ಯ ಎಂಬ ಮಾತನ್ನು ನಿಮಗೆ ನಾನು ವಿವರಿಸಬೇಕಾಗಿಲ್ಲ. ಯಾವ ಅಜ್ಜಿಯ ಅಡುಗೆ ಮನೆಯಲ್ಲಿ ಬೆಳೆದವರಿಗೂ ಗೊತ್ತು: ಬದನೆ ಬೇಡ, ಅಲಸಂದೆ ಬೇಡ, ವಾಯು. ಟೆಂಪ್ಲರ್‌ಗಳ ಪಟ್ಟಿ ಓದಿದಾಗ ನನಗೆ ನಮ್ಮಜ್ಜಿಯ ದನಿಯೇ ಕೇಳಿಸಿತು. ರೋಗಿಗೆ ಬೇಳೆ ಕೂಡದು, ಸಿಪ್ಪೆ ತೆಗೆಯದ ಅವರೆ ಜಾತಿಯ ಕಾಳು ಕೂಡದು, ದನದ ಮಾಂಸ ಕೂಡದು, ಹಾವುಮೀನು ಕೂಡದು, ಚೀಸ್ ಕೂಡದು. ನಮ್ಮದು ವಾತ, ಪಿತ್ತ, ಕಫ. ಅವರದು ರಕ್ತ, ಕಫ, ಹಳದಿ ಪಿತ್ತ, ಕಪ್ಪು ಪಿತ್ತ ಎಂಬ ನಾಲ್ಕು ರಸಗಳ ಲೆಕ್ಕ. ಲೆಕ್ಕ ಬೇರೆಯಾದರೂ ಹೊಟ್ಟೆಯುಬ್ಬರಕ್ಕೆ ಭಯಪಡುವುದರಲ್ಲಿ ಎಲ್ಲರೂ ಒಂದೇ.

ಅದೇ ಕಟ್ಟಳೆಯಲ್ಲಿ ಇನ್ನೂ ಎರಡು ಮಾತುಗಳಿವೆ. ವಾಂತಿ, ಆಮಶಂಕೆ, ಬುದ್ಧಿ ಭ್ರಮಣೆ ಇರುವವರನ್ನು ಪಕ್ಕದ ಬೇರೆ ಕೋಣೆಯಲ್ಲಿ ಮಲಗಿಸಬೇಕು, ಉಳಿದ ರೋಗಿಗಳಿಗೆ ತೊಂದರೆ ಆಗದಂತೆ. ಇದು ವಿವೇಕದ ಮಾತು. ಇನ್ನೊಂದು, ನಾನು ಎರಡು ಸಲ ಓದಿದ ಮಾತು: ಮುಖ್ಯಸ್ಥನ ಅಪ್ಪಣೆ ಇಲ್ಲದೆ ಯಾವ ಸಹೋದರನೂ ಔಷಧಿ ಕುಡಿಯಬಾರದು, ಮೈಯನ್ನು ಕೊಯ್ಯಿಸಿಕೊಳ್ಳಬಾರದು. ಈಗ ಶಸ್ತ್ರಚಿಕಿತ್ಸೆಗೆ ಮೊದಲು ರೋಗಿಯ ಸಹಿ ಹಾಕಿಸಿಕೊಳ್ಳುತ್ತೇವೆ. ಅಲ್ಲಿ ಸಹಿ ಹಾಕಬೇಕಾದವನು ರೋಗಿಯಲ್ಲ, ಯಜಮಾನ. ಮೂರು ಕುದುರೆ, ಒಬ್ಬ ಆಳು, ಕತ್ತಿ, ಕವಚ ಎಲ್ಲವೂ ಸಂಘದ್ದು. ಅವನ್ನು ಹೊತ್ತು ತಿರುಗುವ ಮೈ ಕೂಡ ಸಂಘದ್ದು. ಕುದುರೆಯ ಕಾಲಿಗೆ ಯಾವ ಮದ್ದು ಹಚ್ಚಬೇಕೆಂದು ಕುದುರೆಯನ್ನು ಯಾರು ಕೇಳುತ್ತಾರೆ?

ಹಾಗೆಂದು ಅವರು ಕಟುಕರು ಎಂದುಕೊಳ್ಳಬೇಡಿ. ಈಗ ಹಾಸ್ಪಿಟಲರ್‌ಗಳ ಆಸ್ಪತ್ರೆಗೆ ಬರುತ್ತೇನೆ. ಇಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತೇನೆ, ಏಕೆಂದರೆ ವೈದ್ಯನಾಗಿ ನನಗೆ ಹೊಟ್ಟೆಕಿಚ್ಚು ಹುಟ್ಟಿಸಿದ ಜಾಗ ಇದು.

ಜೆರುಸಲೇಮಿನಲ್ಲಿ ಏಸುವಿನ ಸಮಾಧಿಯ ದೇವಾಲಯದ ಎದುರೇ ಅವರ ಆಸ್ಪತ್ರೆ ಇತ್ತು. 12ನೆಯ ಶತಮಾನದಲ್ಲಿ ಅದನ್ನು ಕಂಡ ಒಬ್ಬ ಜರ್ಮನ್ ಯಾತ್ರಿಕ ಸಾವಿರಕ್ಕೂ ಹೆಚ್ಚು ಹಾಸಿಗೆಗಳಿದ್ದವು ಎಂದು ಬರೆದಿದ್ದಾನೆ; ಇನ್ನೊಬ್ಬ ಎರಡು ಸಾವಿರ ರೋಗಿಗಳು ಎನ್ನುತ್ತಾನೆ. ಯಾತ್ರಿಕರ ಲೆಕ್ಕ ಸ್ವಲ್ಪ ಉಬ್ಬಿರುತ್ತದೆ, ಅರ್ಧಕ್ಕೆ ಇಳಿಸಿದರೂ ದೊಡ್ಡದೇ. ಸಂಖ್ಯೆಗಿಂತ ನನ್ನನ್ನು ಹಿಡಿದು ನಿಲ್ಲಿಸಿದ್ದು 1182ರಲ್ಲಿ ಅವರ ಮುಖ್ಯಸ್ಥ ರೋಜರ್ ದ ಮೂಲಾಂ ಹೊರಡಿಸಿದ ಕಟ್ಟಳೆಗಳು. ನಾಲ್ಕು ಜನ ವೈದ್ಯರಿರಬೇಕು, ಮೂತ್ರ ನೋಡಿ ರೋಗ ಗುರುತಿಸುವಷ್ಟು ಬಲ್ಲವರು. ಹಾಸಿಗೆ ರೋಗಿಗೆ ಹಾಯಾಗಿ ಮಲಗುವಷ್ಟು ಉದ್ದ, ಅಗಲ ಇರಬೇಕು. ಪ್ರತಿ ಹಾಸಿಗೆಗೂ ಅದರದೇ ಹೊದಿಕೆ, ಅದರದೇ ಹಾಸುಬಟ್ಟೆ. ಇನ್ನು ಮುಂದಿನದು ಕೇಳಿ: ಪ್ರತಿ ರೋಗಿಗೂ ಕುರಿಯ ಚರ್ಮದ ಒಂದು ಮೇಲಂಗಿ, ಒಂದು ಜೊತೆ ಬೂಟು, ಉಣ್ಣೆಯ ಒಂದು ಟೊಪ್ಪಿಗೆ. ಯಾವುದಕ್ಕೆ? ರಾತ್ರಿ ಪಾಯಿಖಾನೆಗೆ ಹೋಗಿ ಬರಲು.

ಈ ಒಂದು ಸಾಲನ್ನು ಯಾರೋ ರೋಗಿಯ ಪಕ್ಕದಲ್ಲಿ ರಾತ್ರಿ ಕಳೆದವನೇ ಬರೆದಿರಬೇಕು. ಜೆರುಸಲೇಮಿನ ಚಳಿಗಾಲ ನಮ್ಮ ಮಡಿಕೇರಿಯ ಚಳಿಗಿಂತ ಗಡುಸು. ಕೆಲವೊಮ್ಮೆ ಹಿಮವೂ ಬೀಳುತ್ತದೆ. ಕಲ್ಲು ನೆಲ. ಜ್ವರದ ಮೈಯಲ್ಲಿ ನಡುರಾತ್ರಿ ಎದ್ದು ಬರಿಗಾಲಲ್ಲಿ ಹೋಗುವ ಯಾತ್ರಿಕನನ್ನು ಕಂಡವನೇ ಆ ಬೂಟನ್ನು ಕಾನೂನಿಗೆ ಸೇರಿಸಬಲ್ಲ. ನಾನು ಕೆಲಸ ಮಾಡಿದ ಒಂದು ಆಸ್ಪತ್ರೆಯಲ್ಲಿ ಎಂಟು ಹಾಸಿಗೆಗೆ ಒಂದು ಜೊತೆ ರಬ್ಬರ್ ಚಪ್ಪಲಿ ಇತ್ತು, ಅದೂ ಎರಡೂ ಎಡಗಾಲಿನದು. ಇರಲಿ.

ಹೆಣ್ಣು ಯಾತ್ರಿಕರಿಗೆ ಅಲ್ಲಿ ಹೆರಿಗೆಯಾದರೆ ಮಗುವಿಗೆ ಬೇರೆಯೇ ತೊಟ್ಟಿಲು. ತಾಯಿಯ ಮಗ್ಗುಲಲ್ಲಿ ಮಲಗಿ ಮಗುವಿಗೆ ಅಪಾಯ ಆಗಬಾರದೆಂದು. ರೋಗಿಗಳ ಲೇಹ್ಯ ಮತ್ತು ಪಾನಕಗಳಿಗೆಂದು ಸಂಘದ ತ್ರಿಪೊಲಿ ಶಾಖೆಯ ಅಧಿಕಾರಿ ಅಂದಿನ ಲೆಕ್ಕದ ಎರಡು ಕ್ವಿಂಟಲ್ ಸಕ್ಕರೆ ಕಳಿಸಬೇಕು, ತಿಬೇರಿಯಾಸ್‌ನವನೂ ಅಷ್ಟೇ. ಸಕ್ಕರೆ ಆಗ ಅಂಗಡಿಯ ಸಾಮಾನಲ್ಲ, ಔಷಧಿ. ವಾರಕ್ಕೆ ಮೂರು ದಿನ ಹಂದಿ ಅಥವಾ ಕುರಿಯ ಮಾಂಸ; ಅದು ಸೇರದವರಿಗೆ ಕೋಳಿ. ಕ್ರೈಸ್ತರಲ್ಲದವರನ್ನೂ, ಮುಸ್ಲಿಮರನ್ನೂ ಯೆಹೂದಿಗಳನ್ನೂ, ಸೇರಿಸಿಕೊಳ್ಳುತ್ತಿದ್ದರು ಎಂದು ಆ ಕಾಲದ ಒಂದು ವರದಿ ಹೇಳುತ್ತದೆ. ಕುಷ್ಠರೋಗಿಗಳಿಗೆ ಮಾತ್ರ ಪ್ರವೇಶವಿಲ್ಲ. ರೋಗಿಗಳನ್ನು ಅವರು ಕರೆಯುತ್ತಿದ್ದದ್ದು “ನಮ್ಮ ಒಡೆಯರಾದ ರೋಗಿಗಳು” ಎಂದು. ಸಂಘಕ್ಕೆ ಸೇರುವವನು ತಾನು ಆ ಒಡೆಯರ ಜೀತದಾಳು ಎಂದು ಮಾತು ಕೊಡಬೇಕು. ಮೈ ಯಾರದು ಎಂಬ ನಮ್ಮ ಪ್ರಶ್ನೆಗೆ ಇಲ್ಲಿ ಸಿಗುವ ಉತ್ತರ ಟೆಂಪ್ಲರ್‌ಗಳ ಉತ್ತರಕ್ಕಿಂತ ಬೇರೆ. ಹಾಸ್ಪಿಟಲರ್‌ನ ಮೈ ಆ ಹಾಸಿಗೆಯ ಮೇಲೆ ಮಲಗಿರುವವನದು.

ಬರೀ ಬಾಯಿಮಾತೇ ಎಂದು ಕೇಳಬಹುದು. 1177ರಲ್ಲಿ ಮಾಂಗಿಸಾರ್ ಎಂಬಲ್ಲಿ ಈಜಿಪ್ಟ್, ಸಿರಿಯಾಗಳ ಮುಸ್ಲಿಂ ಸುಲ್ತಾನ ಸಲಾದಿನ್ ವಿರುದ್ಧ ಕಾಳಗ ನಡೆಯಿತು, ಕ್ರೈಸ್ತರು ಗೆದ್ದರು. ಗೆದ್ದ ಪಕ್ಷದ ಕಥೆ ಇದು: ಸತ್ತವರು 1,100 ಜನ, ಗಾಯಗೊಂಡು ಆಸ್ಪತ್ರೆ ಸೇರಿದವರು 750. ಈ ಅಂಕಿ ಅದೇ ರೋಜರ್ ದ ಮೂಲಾಂ ಬರೆದ ಪತ್ರದ್ದು. ಒಂದೇ ಕಾಳಗದಿಂದ 750 ಜನ! ಈಗಿನ ದೊಡ್ಡ ಆಸ್ಪತ್ರೆಯೂ ಕೈಚೆಲ್ಲಿ ಕುಳಿತುಕೊಳ್ಳುವ ಸಂಖ್ಯೆ. ಸೈನ್ಯದ ಜೊತೆಗೆ ಶಸ್ತ್ರವೈದ್ಯರು ಹೋಗುತ್ತಿದ್ದರು, ಡೇರೆಯಲ್ಲಿ ಮೊದಲ ಚಿಕಿತ್ಸೆ ಮಾಡಿ, ಒಂಟೆ ಕುದುರೆಗಳ ಮೇಲೆ ಹೇರಿ ಊರಿಗೆ ಸಾಗಿಸುತ್ತಿದ್ದರು. ಪ್ರಾಣಿಗಳು ಸಾಲದೆ ಬಂದರೆ ನೈಟ್‌ಗಳು ತಮ್ಮ ಕುದುರೆಯಿಂದ ಇಳಿದು, ಗಾಯಾಳುವನ್ನು ಹತ್ತಿಸಿ, ತಾವು ನಡೆದು ಬರಬೇಕಿತ್ತು. ನೈಟ್‌ನಿಂದ ಕುದುರೆ ಕಿತ್ತುಕೊಳ್ಳುವುದೆಂದರೆ ಮಂತ್ರಿಯನ್ನು ಕಾರಿನಿಂದ ಇಳಿಸಿ ಬಸ್ಸಿಗೆ ಹತ್ತಿಸಿದ ಹಾಗೆ. 1187ರಲ್ಲಿ ಸಲಾದಿನ್ ಜೆರುಸಲೇಮನ್ನು ಮರಳಿ ಗೆದ್ದಾಗ, ಹಾಸಿಗೆ ಹಿಡಿದ ರೋಗಿಗಳನ್ನು ನೋಡಿಕೊಳ್ಳಲು ಹತ್ತು ಜನ ಹಾಸ್ಪಿಟಲರ್‌ಗಳು ಒಂದು ವರ್ಷ ಉಳಿಯಬಹುದೆಂದು ಒಪ್ಪಿದನಂತೆ. ಶತ್ರು ಕೊಟ್ಟ ಪ್ರಮಾಣಪತ್ರ ಅದು.

ಇನ್ನು ಅವರನ್ನು ಕೊಂದದ್ದು ಏನು ಎಂಬ ವಿಷಯ. ಸಿನಿಮಾಗಳಲ್ಲಿ ಕತ್ತಿಯೇ ಕೊಲ್ಲುತ್ತದೆ. ದಾಖಲೆಗಳಲ್ಲಿ ಹೊಟ್ಟೆ ಕೊಲ್ಲುತ್ತದೆ, ಜ್ವರ ಕೊಲ್ಲುತ್ತದೆ, ವಸಡು ಕೊಲ್ಲುತ್ತದೆ.

ಇದಕ್ಕೆ ಸಾಕ್ಷಿ ಬೇಕೆಂದರೆ ಆ ಬಿಷಪ್‌ನ ಊರು ಅಕ್ರೆಗೆ ಮತ್ತೆ ಹೋಗಬೇಕು. ಅದು ಎಲ್ಲಿದೆ ಎಂದು ನಮ್ಮವರಿಗೆ ಹೇಳುವುದು ಸುಲಭ: ಹೈಫಾ ಗೊತ್ತಲ್ಲ, 1918ರ ಸೆಪ್ಟೆಂಬರ್ 23ರಂದು ಮೈಸೂರು ಲ್ಯಾನ್ಸರ್ಸ್ ಕುದುರೆ ಏರಿ ನುಗ್ಗಿದ ಊರು? ಆ ಕೊಲ್ಲಿಯ ದಕ್ಷಿಣದ ತುದಿ ಹೈಫಾ, ಉತ್ತರದ ತುದಿ ಅಕ್ರೆ. ಆ ವರ್ಷದ ಬೇಸಿಗೆಯಲ್ಲಿ ಜೋರ್ಡಾನ್ ಕಣಿವೆಯಲ್ಲಿದ್ದ ಸೈನ್ಯವನ್ನು ಮಲೇರಿಯ ಹೇಗೆ ಹಿಂಡಿತೆಂಬುದು ಮಿಲಿಟರಿ ವೈದ್ಯರಿಗೆ ಗೊತ್ತಿರುವ ಸಂಗತಿ. ಏಳುನೂರು ವರ್ಷ ಹಿಂದೆಯೂ ಅದೇ ಸೊಳ್ಳೆ, ಅದೇ ಚಳಿಜ್ವರ. ಟೆಂಪ್ಲರ್‌ಗಳ ಕಟ್ಟಳೆ ಚಾತುರ್ಥಿಕ ಜ್ವರವನ್ನು, ಎಂದರೆ ನಡುವೆ ಎರಡು ದಿನ ಬಿಟ್ಟು ಮರುಕಳಿಸುವ ಜ್ವರವನ್ನು, ಹೆಸರು ಹಿಡಿದೇ ಹೇಳುತ್ತದೆ. ಅದು ಅಷ್ಟು ಮಾಮೂಲು.

1189ರಿಂದ 1191ರವರೆಗೆ ಸಲಾದಿನ್ ವಶದಲ್ಲಿದ್ದ ಅಕ್ರೆಗೆ ಮುತ್ತಿಗೆ ಹಾಕಿ ಕುಳಿತ ಕ್ರೈಸ್ತರಲ್ಲಿ ಜೆರುಸಲೇಮಿನ ರಾಣಿ ಸಿಬಿಲ್ಲಾ ಮತ್ತು ಅವಳ ಹೆಣ್ಣುಮಕ್ಕಳು ಶಿಬಿರದಲ್ಲೇ ಕಾಯಿಲೆಯಿಂದ ಸತ್ತರು. ಇಂಗ್ಲೆಂಡಿನ ರಿಚರ್ಡ್ ದೊರೆಗೆ ಕೂದಲು, ಉಗುರು ಉದುರುವ ಕಾಯಿಲೆ ಬಂತು. ಆ ಶಿಬಿರದಲ್ಲೇ ಬ್ರೆಮೆನ್ ಮತ್ತು ಲ್ಯೂಬೆಕ್ ಊರುಗಳ ಜರ್ಮನ್ ವ್ಯಾಪಾರಿಗಳು ಹಡಗಿನ ಹಾಯಿಪಟವನ್ನು ಬಿಚ್ಚಿ ಡೇರೆ ಕಟ್ಟಿ ರೋಗಿಗಳನ್ನು ಮಲಗಿಸಿದರು. ಮುಂದೆ ಬಾಲ್ಟಿಕ್ ಸೀಮೆಯನ್ನು ನಡುಗಿಸಿದ ಟ್ಯೂಟನಿಕ್ ನೈಟ್‌ಗಳ ಮೂಲ ಆ ಹಾಯಿಪಟದ ಕೆಳಗಿನ ಭೇದಿಯ ರೋಗಿಗಳು. 1198ರ ಹೊತ್ತಿಗೆ ಅವರು ಕತ್ತಿ ಹಿಡಿದಿದ್ದರು.

ಅದೇ ಊರಿನ ಹಾಸ್ಪಿಟಲರ್ ಕಟ್ಟಡದ ಪಾಯಿಖಾನೆಯನ್ನು ನಮ್ಮ ಕಾಲದಲ್ಲಿ ಅಗೆದರು. ನಗಬೇಡಿ, ವೈದ್ಯರಿಗೆ ಅದು ಗ್ರಂಥಾಲಯ ಇದ್ದ ಹಾಗೆ. ಹಳೆಯ ಕಾಲದ ರೋಗಗಳನ್ನು ಅಧ್ಯಯನ ಮಾಡುವ ಪಿಯರ್ಸ್ ಮಿಚೆಲ್ ಮತ್ತು ಸಂಗಡಿಗರು ಆ ಮಣ್ಣನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರು. ಜಂತುಹುಳುವಿನ ಮೊಟ್ಟೆ, ಚಾಟಿಹುಳುವಿನ ಮೊಟ್ಟೆ, ಮೀನಿನಿಂದ ಬರುವ ಲಾಡಿಹುಳುವಿನ ಮೊಟ್ಟೆ. ಈ ಕೊನೆಯದು ಮಜವಾದದ್ದು. ಅದು ಉತ್ತರ ಯುರೋಪಿನ ನದಿ ಮೀನನ್ನು ಸರಿಯಾಗಿ ಬೇಯಿಸದೆ ತಿಂದವರ ಹುಳು. ಎಂದರೆ ಒಬ್ಬ ಯಾತ್ರಿಕನೋ ನೈಟ್‌ನೋ ತನ್ನ ಊರಿನ ಹುಳುವನ್ನು ಹೊಟ್ಟೆಯಲ್ಲಿಟ್ಟುಕೊಂಡೇ ಪುಣ್ಯಭೂಮಿಗೆ ಬಂದಿದ್ದ. 2008ರಲ್ಲಿ ಪ್ರಕಟವಾದ ಇನ್ನೊಂದು ಪರೀಕ್ಷೆಯಲ್ಲಿ ಆಮಶಂಕೆ ತರುವ ಅಮೀಬಾದ ಗುರುತೂ ಜಿಯಾರ್ಡಿಯಾದ ಗುರುತೂ ಸಿಕ್ಕಿದವು. ಕಟ್ಟಳೆಯಲ್ಲಿ ಬರೆದ ‘ಬೇರೆ ಕೋಣೆ’ಯ ರೋಗಿ ಯಾರೆಂದು ಆ ಮಣ್ಣು ಸಾಕ್ಷಿ ಹೇಳಿತು.

ವಸಡಿನ ವಿಷಯಕ್ಕೆ ಬನ್ನಿ. 1250ರಲ್ಲಿ ಫ್ರಾನ್ಸಿನ ಲೂಯಿ ದೊರೆ ಈಜಿಪ್ಟಿನ ಮನ್ಸೂರಾದಲ್ಲಿ ಸಿಕ್ಕಿಬಿದ್ದ. ಜೊತೆಗಿದ್ದ ಜ್ವಾನ್‌ವಿಲ್ ಎಂಬ ಸರದಾರ ಕಣ್ಣಾರೆ ಕಂಡದ್ದನ್ನು ಬರೆದಿಟ್ಟಿದ್ದಾನೆ. ಕಾಲಿನ ಮಾಂಸ ಒಣಗಿತು. ಚರ್ಮದ ಮೇಲೆ ಕಪ್ಪು, ಮಣ್ಣು ಬಣ್ಣದ ಚುಕ್ಕೆ, ಹಳೆಯ ಬೂಟಿನ ಹಾಗೆ. ವಸಡು ಕೊಳೆಯಿತು. ಕ್ಷೌರಿಕರು ಬಂದು ಸತ್ತ ವಸಡನ್ನು ಕತ್ತರಿಸಿ ತೆಗೆದರೆ ಮಾತ್ರ ರೋಗಿ ಅಗಿದು ನುಂಗಬಲ್ಲ. ಶಿಬಿರದ ತುಂಬ ಹೆರಿಗೆ ನೋವಿನ ಹೆಂಗಸರ ಹಾಗೆ ಗಂಡಸರ ಕೂಗು. ಮೂಗಿನಲ್ಲಿ ರಕ್ತ ಬಂತೆಂದರೆ ಸಾವು ಖಚಿತ. ಇದು ಸ್ಕರ್ವಿ, ಸಿ ಜೀವಸತ್ವದ ಕೊರತೆ. ವಿದ್ಯಾರ್ಥಿಯೂ ಗುರುತಿಸುವಷ್ಟು ನಿಖರವಾದ ವರ್ಣನೆ. ಜ್ವಾನ್‌ವಿಲ್ ಮಾತ್ರ ಕಾರಣವನ್ನು ಮೀನಿನ ಮೇಲೆ ಹಾಕುತ್ತಾನೆ. ಉಪವಾಸದ ತಿಂಗಳಾದ್ದರಿಂದ ಮಾಂಸವಿಲ್ಲ, ನದಿಯ ಮೀನೇ ಗತಿ. ಆ ಮೀನುಗಳು ಹೆಣ ತಿಂದಿದ್ದವು. ಈಜಿಪ್ಟಿನ ತೋಟಗಳಲ್ಲಿ ಆಗಲೇ ನಿಂಬೆ ಬೆಳೆಯುತ್ತಿತ್ತು. ಗೋಡೆಯ ಆಚೆ, ಶತ್ರುವಿನ ಕಡೆ. ದೊರೆಗೆ ಭೇದಿ ಎಷ್ಟು ಜೋರಾಯಿತೆಂದರೆ ಅವನ ಚಲ್ಲಣದ ಹಿಂಭಾಗವನ್ನೇ ಕತ್ತರಿಸಬೇಕಾಯಿತು. ಮುಂದೆ ಸಂತ ಎನಿಸಿಕೊಂಡವನು ಅವನು.

ಮನ್ಸೂರಾದಲ್ಲೇ ಟೆಂಪ್ಲರ್‌ಗಳ ಮುಖ್ಯಸ್ಥ ಗಿಯೋಮ್ ದ ಸೊನ್ನಾಕ್ ಫೆಬ್ರವರಿ 8ರಂದು ಒಂದು ಕಣ್ಣು ಕಳೆದುಕೊಂಡ. ಅವನ ಸಂಘದ ಸುಮಾರು 280 ಜನ ಆ ದಿನ ಹೋದರು ಎನ್ನುತ್ತಾನೆ ಜ್ವಾನ್‌ವಿಲ್. ಕಣ್ಣು ಹೋದವನು ಡೇರೆಯಲ್ಲಿ ಮಲಗಬೇಕಿತ್ತು. ಮೂರು ದಿನದ ಮೇಲೆ, 11ರಂದು, ಉಳಿದ ಬೆರಳೆಣಿಕೆಯ ಜನರನ್ನು ಕಟ್ಟಿಕೊಂಡು ಮತ್ತೆ ನಿಂತ. ಇನ್ನೊಂದು ಕಣ್ಣೂ ಹೋಯಿತು, ಪ್ರಾಣವೂ ಹೋಯಿತು. ಅವರು ನಿಂತಿದ್ದ ಜಾಗದ ಹಿಂದೆ ನೆಲ ಕಾಣದಷ್ಟು ಬಾಣಗಳು ಹರಡಿದ್ದವಂತೆ.

ಗಾಯಗಳ ಮಾತು ಬಂದ ಮೇಲೆ ಮೂಳೆ ವೈದ್ಯನನ್ನು ಹಿಡಿಯುವವರಿಲ್ಲ! ಜೋರ್ಡಾನ್ ನದಿಯ ಹಾಯಗಡದ ಬಳಿ ಟೆಂಪ್ಲರ್‌ಗಳಿಗಾಗಿ ಒಂದು ಕೋಟೆ ಕಟ್ಟುತ್ತಿದ್ದರು, ವಾದುಮ್ ಯಾಕೋಬ್ ಎಂದು. ಕಟ್ಟಿ ಮುಗಿಯುವ ಮೊದಲೇ, 1179ರ ಆಗಸ್ಟಿನಲ್ಲಿ, ಸಲಾದಿನ್ ಅದನ್ನು ಕೆಡವಿದ. ಇಸ್ರೇಲಿನ ಪುರಾತತ್ತ್ವಜ್ಞರು ಅಲ್ಲಿ ಅಗೆದಾಗ ಆ ದಿನ ಸತ್ತವರ ಅಸ್ಥಿಗಳು ಸಿಕ್ಕವು. ಅವರು ನೈಟ್‌ಗಳೇ ಎನ್ನಲಾಗದು, ಕೋಟೆಯ ಕಾವಲಿನವರು ಎನ್ನಬಹುದು. ತಲೆಬುರುಡೆಗೆ ಕತ್ತಿಯೇಟು, ದವಡೆಗೆ ಏಟು, ಒಬ್ಬನ ತೋಳು ಮೊಣಕೈಯ ಬಳಿ ತುಂಡಾಗಿದೆ. ಸುತ್ತ ಬಾಣದ ಮೊನೆಗಳು. ನಾವು ಮೊದಲು ನೋಡುವುದು ಅಂಚನ್ನು. ಪೆಟ್ಟು ಬಿದ್ದ ಮೇಲೆ ಮನುಷ್ಯ ಕೆಲವು ವಾರ ಬದುಕಿದ್ದರೆ ಮೂಳೆಯ ಅಂಚು ನದಿಯ ಕಲ್ಲಿನ ಹಾಗೆ ನುಣುಪಾಗತೊಡಗುತ್ತದೆ. ಇಲ್ಲಿ ಅಂಚುಗಳು ಹರಿತ. ಯಾರೂ ಆರೈಕೆ ಮನೆ ತಲುಪಲಿಲ್ಲ. ಗೆದ್ದವರಿಗೂ ಆ ಕೋಟೆ ಒಗ್ಗಲಿಲ್ಲ: ಹೆಣಗಳನ್ನು ನೀರಿನ ತೊಟ್ಟಿಗೆ ಎಸೆದರು, ಸುಡು ಬಿಸಿಲು, ಕಾಯಿಲೆ ಹಬ್ಬಿ ಸಲಾದಿನ್‌ನ ಹಲವು ಸರದಾರರು ಸತ್ತರು. ಇನ್ನೊಂದು ವಿಚಿತ್ರ ಹೇಳಿಬಿಡುತ್ತೇನೆ, ವಿಷಯಕ್ಕೆ ಸಂಬಂಧವಿಲ್ಲದಿದ್ದರೂ. ಆ ಕೋಟೆ ಭೂಮಿಯ ಬಿರುಕಿನ ಮೇಲೆಯೇ ಕೂತಿದೆ. 1202ರ ಭೂಕಂಪ ಮತ್ತು ಆಮೇಲಿನವು ಸೇರಿ ಗೋಡೆಯನ್ನು ಎರಡು ಮೀಟರಿನಷ್ಟು ಪಕ್ಕಕ್ಕೆ ಸರಿಸಿವೆ. ಮುರಿದ ಮೂಳೆಯ ಎಕ್ಸ್-ರೇ ನೋಡಿದ ಹಾಗೆಯೇ ಕಾಣುತ್ತದೆ.

ಚಿಕಿತ್ಸೆ ಹೇಗಿತ್ತು? ಇಲ್ಲಿ ಎಲ್ಲರೂ ಉಸಾಮಾ ಇಬ್ನ್ ಮುನ್ಕಿದ್ ಎಂಬ ಸಿರಿಯಾದ ಸರದಾರನ ಒಂದು ಕಥೆ ಹೇಳುತ್ತಾರೆ. ಮುನೈತಿರಾದ ಫ್ರಾಂಕ್ (ಯುರೋಪಿನಿಂದ ಬಂದ ಕ್ರೈಸ್ತರನ್ನು ಅಲ್ಲಿ ಹಾಗೆನ್ನುತ್ತಿದ್ದರು) ಒಡೆಯ ಒಬ್ಬ ವೈದ್ಯನನ್ನು ಕಳಿಸಿಕೊಡಿ ಎಂದು ಕೇಳಿಕೊಂಡ. ಥಾಬಿತ್ ಎಂಬ ಸ್ಥಳೀಯ ಕ್ರೈಸ್ತ ವೈದ್ಯ ಹೋದ. ಒಬ್ಬ ನೈಟ್‌ನ ಕಾಲಿನಲ್ಲಿ ಕುರು. ಥಾಬಿತ್ ಪಟ್ಟು ಹಾಕಿ ಕುರು ಒಡೆಸಿದ, ವಾಸಿಯಾಗುತ್ತಿತ್ತು. ಅಷ್ಟರಲ್ಲಿ ಫ್ರಾಂಕ್ ವೈದ್ಯ ಬಂದು ಇವನಿಗೇನು ಗೊತ್ತು ಎಂದು ಮೂದಲಿಸಿ, “ಒಂದು ಕಾಲಿನಲ್ಲಿ ಬದುಕುತ್ತೀಯೋ, ಎರಡು ಕಾಲಿನಲ್ಲಿ ಸಾಯುತ್ತೀಯೋ?” ಎಂದು ಕೇಳಿದ. ಬದುಕುತ್ತೇನೆ ಎಂದ ನೈಟ್. ಕಾಲನ್ನು ಮರದ ದಿಮ್ಮಿಯ ಮೇಲಿಟ್ಟು ಕೊಡಲಿಯಿಂದ ಒಂದೇಟು, ತುಂಡಾಗಲಿಲ್ಲ. ಎರಡನೆಯ ಏಟಿಗೆ ಮಜ್ಜೆ ಹರಿದು ರೋಗಿ ಅಲ್ಲೇ ಸತ್ತ. ಥಾಬಿತ್ ಹತ್ತೇ ದಿನಕ್ಕೆ ಊರಿಗೆ ಮರಳಿದ.

ಕಥೆ ಚೆನ್ನಾಗಿದೆ, ಹೇಳಿ ನಗುವುದು ಸುಲಭ. ಆದರೆ ಅದೇ ಉಸಾಮಾ ಇನ್ನೊಂದು ಕಥೆಯನ್ನೂ ಹೇಳಿದ್ದಾನೆ, ಅದನ್ನು ಯಾರೂ ಹೇಳುವುದಿಲ್ಲ. ಬೆರ್ನಾರ್ ಎಂಬ ಖಜಾಂಚಿಗೆ ಕುದುರೆ ಒದ್ದು ಕಾಲಿಗೆ ಗಾಯ. ಹದಿನಾಲ್ಕು ಕಡೆ ಬಾಯಿ ಬಿಟ್ಟಿತು. ಒಂದು ಮುಚ್ಚಿದರೆ ಇನ್ನೊಂದು ತೆರೆಯುತ್ತದೆ. ಒಬ್ಬ ಫ್ರಾಂಕ್ ವೈದ್ಯ ಬಂದು ಮುಲಾಮನ್ನೆಲ್ಲ ತೆಗೆಸಿ, ಖಾರವಾದ ವಿನೆಗರಿನಲ್ಲಿ ತೊಳೆಯತೊಡಗಿದ. ಗಾಯಗಳು ಮುಚ್ಚಿದವು, ಬೆರ್ನಾರ್ ಎದ್ದು ಓಡಾಡಿದ. ಹದಿನಾಲ್ಕು ಬಾಯಿ ಎಂದೊಡನೆ ನನಗೆ ಅನಿಸಿದ್ದು ಮೂಳೆಯೊಳಗಿನ ಕೀವು. ಕೆಲವು ಹಟಮಾರಿ ಗಾಯಗಳನ್ನು ನಾವು ಈಗಲೂ ವಿನೆಗರಿನ ಆಮ್ಲವನ್ನೇ ತೆಳುಮಾಡಿ ತೊಳೆಯುತ್ತೇವೆ. ಒಂದು ಊರಿನಲ್ಲಿ ಕೊಡಲಿಯ ವೈದ್ಯನೂ ಇರುತ್ತಾನೆ, ವಿನೆಗರಿನ ವೈದ್ಯನೂ ಇರುತ್ತಾನೆ. ಯಾರು ಸಿಗುತ್ತಾರೆ ಎಂಬುದು ಹಣೆಬರಹ. ಇವತ್ತಿಗೂ.

ಕುಷ್ಠರೋಗಿ ನೈಟ್‌ಗಳ ಬಗ್ಗೆ ಹೇಳದಿದ್ದರೆ ಮಾತು ಅಪೂರ್ಣ. ಟೈರ್ ಊರಿನ ವಿಲಿಯಂ ಎಂಬ ಪಾದ್ರಿ ಜೆರುಸಲೇಮಿನ ರಾಜಕುಮಾರ ಬಾಲ್ಡ್ವಿನ್‌ಗೆ ಪಾಠ ಹೇಳುತ್ತಿದ್ದ. ಹುಡುಗರು ಆಟದಲ್ಲಿ ಒಬ್ಬರ ತೋಳನ್ನೊಬ್ಬರು ಉಗುರಿನಿಂದ ಗಿಲ್ಲುತ್ತಿದ್ದರು. ಎಲ್ಲರೂ ಕೂಗುತ್ತಾರೆ, ಬಾಲ್ಡ್ವಿನ್ ಸುಮ್ಮನಿರುತ್ತಾನೆ. ಎಂಥ ಸಹನೆ ಎಂದುಕೊಂಡ ವಿಲಿಯಂ. ಒಂದೆರಡು ಸಲ ಆದ ಮೇಲೆ ಅನುಮಾನ ಬಂದು ವಿಚಾರಿಸಿದ: ಹುಡುಗನ ಬಲಗೈ, ಬಲತೋಳಿನಲ್ಲಿ ಅರ್ಧದಷ್ಟು ಸ್ಪರ್ಶವೇ ಇಲ್ಲ. ಸ್ಪರ್ಶ ಸತ್ತ ಚರ್ಮವನ್ನು ಹುಡುಕುವುದೇ ಕುಷ್ಠದ ಮೊದಲ ಪರೀಕ್ಷೆ, ಇವತ್ತಿಗೂ. ಆ ಹುಡುಗ ರಾಜನಾದ, ಮಾಂಗಿಸಾರ್ ಕಾಳಗದಲ್ಲಿ ಹದಿನಾರರ ವಯಸ್ಸಿನಲ್ಲಿ ಸೈನ್ಯದ ಜೊತೆಗಿದ್ದ, 1185ರಲ್ಲಿ ತೀರಿಕೊಂಡ.

ರಾಜನಾದರೆ ಸಿಂಹಾಸನದಲ್ಲೇ ಇರಬಹುದು. ಟೆಂಪ್ಲರ್‌ಗೆ ಕುಷ್ಠ ಬಂದರೆ? ಕಟ್ಟಳೆ ನಯವಾಗಿ ಮಾತಾಡುತ್ತದೆ: ಸಹೋದರರು ಅವನಿಗೆ ತಿಳಿಹೇಳಬೇಕು, ಅವನೇ ಅಪ್ಪಣೆ ಕೇಳಿ ಸೇಂಟ್ ಲಾಜರಸ್‌ನವರ ಉಡುಪು ತೊಡಲಿ. ಅವನು ಒಪ್ಪದಿದ್ದರೆ ಬಲವಂತವಿಲ್ಲ. ಬೇರೆ ಮನೆಯಲ್ಲಿಟ್ಟು, ಊಟ ಬಟ್ಟೆಗೆ ಸಂಘವೇ ಕೊಡಬೇಕು. ಲಾಜರಸ್‌ನವರ ಮನೆ ಜೆರುಸಲೇಮಿನ ಉತ್ತರ ಗೋಡೆಯ ಹೊರಗಿತ್ತು. ಅಲ್ಲಿ ಹೋದರೂ ಕತ್ತಿ ಬಿಡಲಿಲ್ಲ. ಯೋಚಿಸಿ ನೋಡಿ: ಹಿಡಿದ ಕತ್ತಿಯ ಹಿಡಿ ಕೈಗೆ ಗೊತ್ತಾಗುವುದಿಲ್ಲ, ಬೂಟಿನೊಳಗಿನ ಕಲ್ಲು ಕಾಲಿಗೆ ಗೊತ್ತಾಗುವುದಿಲ್ಲ, ಗಾಯವಾದದ್ದು ರಕ್ತ ಕಂಡ ಮೇಲೆಯೇ ಗೊತ್ತು. 1244ರ ಅಕ್ಟೋಬರಿನಲ್ಲಿ ಗಾಜಾ ಸಮೀಪದ ಲಾ ಫೋರ್ಬಿಯಲ್ಲಿ ಕ್ರೈಸ್ತ ಸೈನ್ಯ ನೆಲಕಚ್ಚಿತು. ಟೆಂಪ್ಲರ್‌ಗಳಲ್ಲಿ 33 ಜನ ಉಳಿದರು, ಟ್ಯೂಟನಿಕ್‌ನವರಲ್ಲಿ ಮೂವರು. ಲಾಜರಸ್‌ನ ಕುಷ್ಠರೋಗಿ ನೈಟ್‌ಗಳಲ್ಲಿ ಒಬ್ಬನೂ ಇಲ್ಲ.

ಕ್ರೈಸ್ತರ ಕೈಯಲ್ಲಿದ್ದ ಅಕ್ರೆ 1291ರ ಮೇ 18ರಂದು ಈಜಿಪ್ಟಿನ ಸುಲ್ತಾನನ ಸೈನ್ಯಕ್ಕೆ ಬಿತ್ತು. ಟೆಂಪ್ಲರ್ ಮುಖ್ಯಸ್ಥ ಗಿಯೋಮ್ ದ ಬೋಜೂ ಗಡಿಬಿಡಿಯಲ್ಲಿ ಗುರಾಣಿಯಿಲ್ಲದೆ ಓಡಿಬಂದಿದ್ದ. ಎಡಗೈ ಎತ್ತಿದಾಗ ಕಂಕುಳಿನಲ್ಲಿ, ಕವಚದ ಫಲಕಗಳು ಕೂಡುವ ಸಂದಿನಲ್ಲಿ, ಈಟಿ ಒಂದು ಅಂಗೈಯಷ್ಟು ಒಳಹೊಕ್ಕಿತು. ಅವನು ಕುದುರೆ ತಿರುಗಿಸಿದ್ದನ್ನು ಕಂಡು ಕೆಲವರು ಓಡಿಹೋಗಬೇಡಿ ಎಂದು ಕೂಗಿದರು. “ನಾನು ಓಡುತ್ತಿಲ್ಲ, ಸತ್ತಿದ್ದೇನೆ. ಇಗೋ ಏಟು” ಎಂದು ಕೈ ಎತ್ತಿ ತೋರಿಸಿದ. ಕಂಕುಳಿನಲ್ಲಿ ತೋಳಿಗೆ ಹೋಗುವ ದೊಡ್ಡ ರಕ್ತನಾಳವಿದೆ, ಅದರ ಹಿಂದೆ ಶ್ವಾಸಕೋಶ. ಅವನಿಗೆ ತನ್ನ ಸ್ಥಿತಿ ಸರಿಯಾಗಿ ಗೊತ್ತಿತ್ತು. ಅದೇ ದಿನ ಹಾಸ್ಪಿಟಲರ್ ಮುಖ್ಯಸ್ಥ ಜಾನ್ ದ ವಿಲಿಯೆಗೆ ಭುಜಗಳ ನಡುವೆ ಈಟಿ ತಾಗಿತು. ಅವನನ್ನು ಹಡಗಿಗೆ ಹೊತ್ತೊಯ್ದರು, ಬದುಕಿದ. ಸೈಪ್ರಸ್‌ನಿಂದ ಬರೆದ ಪತ್ರದಲ್ಲಿ, ಈ ಗಾಯದಿಂದ ಬರೆಯುವುದೇ ಕಷ್ಟವಾಗಿದೆ ಎನ್ನುತ್ತಾನೆ. ಒಬ್ಬನ ಗಾಯ ಮುಂದೆ, ಇನ್ನೊಬ್ಬನದು ಹಿಂದೆ. ಹಿಂದಿನದು ಬದುಕಿಸಿತು.

ಈಚೆಗೆ ಪತ್ರಿಕೆಗಳಲ್ಲಿ ಟೆಂಪ್ಲರ್‌ಗಳ ಆಹಾರ ಪದ್ಧತಿಯಿಂದ ಆಯುಸ್ಸು ಹೆಚ್ಚುತ್ತದೆ ಎಂಬ ಬರಹಗಳು ಬರುತ್ತವೆ. ವಾರಕ್ಕೆ ಮೂರು ದಿನ ಮಾಂಸ, ಉಳಿದ ದಿನ ಸೊಪ್ಪು-ಕಾಳು, ಹೀಗೆ. ಕಾಳಗದಲ್ಲಿ ಇಪ್ಪತ್ತೈದಕ್ಕೆ ಸತ್ತವರನ್ನು ಲೆಕ್ಕದಿಂದ ಬಿಟ್ಟು, ಉಳಿದ ಮುದುಕರನ್ನು ಎಣಿಸಿದರೆ ಯಾವ ಆಹಾರವೂ ಆಯುಸ್ಸು ಹೆಚ್ಚಿಸುತ್ತದೆ. ಮುಂದೆ ಹೋಗೋಣ.

ಅವರ ಕೊನೆಯ ಗಾಯಗಳು ಯುದ್ಧದಲ್ಲಿ ಆದದ್ದಲ್ಲ. 1307ರ ಅಕ್ಟೋಬರ್ 13ರಂದು ಫ್ರಾನ್ಸಿನ ದೊರೆ ನಾಲ್ಕನೆಯ ಫಿಲಿಪ್ ತನ್ನ ರಾಜ್ಯದ ಟೆಂಪ್ಲರ್‌ಗಳನ್ನು ಒಂದೇ ಬೆಳಗ್ಗೆ ಹಿಡಿಸಿದ. ಆರೋಪ ಧರ್ಮದ್ರೋಹ. ಪ್ಯಾರಿಸ್ಸಿನಲ್ಲಿ ಹೇಳಿಕೆ ಕೊಟ್ಟ 138 ಜನರಲ್ಲಿ 134 ಜನ ಒಂದಲ್ಲ ಒಂದು ತಪ್ಪು ಒಪ್ಪಿಕೊಂಡರು. ಬಾಣಗಳ ಮಳೆಯಲ್ಲಿ ನಿಲ್ಲುವ ಸಂಘ ಹೀಗೆ ಕುಸಿದದ್ದು ಹೇಗೆ ಎಂದು ಹಲವರು ಕೇಳುತ್ತಾರೆ. 1309ರ ನವೆಂಬರಿನಲ್ಲಿ ಪೋಪ್ ನೇಮಿಸಿದ ಆಯೋಗದ ಮುಂದೆ ಪೊನ್ಸಾರ್ ದ ಜಿಜಿ ಎಂಬ ಟೆಂಪ್ಲರ್ ಉತ್ತರಿಸಿದ. ಒಪ್ಪಿಕೊಳ್ಳುವ ಮೊದಲು ತನ್ನ ಕೈಗಳನ್ನು ಬೆನ್ನ ಹಿಂದೆ ಎಷ್ಟು ಬಿಗಿದಿದ್ದರೆಂದರೆ ರಕ್ತ ಉಗುರಿನ ತುದಿಯವರೆಗೆ ಬಂತು. ಹಾಗೆಯೇ ಒಂದು ಗುಂಡಿಯಲ್ಲಿ ಇಟ್ಟಿದ್ದರು. ಸಂಘದ ಮಾನಕ್ಕಾಗಿ ತಲೆ ಕಡಿಸಿಕೊಳ್ಳಲು ಸಿದ್ಧ, ಬೆಂಕಿಗೂ ಸಿದ್ಧ, ಅದು ಬೇಗ ಮುಗಿಯುವುದಾದರೆ. ಈ ದೀರ್ಘ ಹಿಂಸೆ ತನ್ನಿಂದಾಗದು ಎಂದ. ನೋವಿನ ಬಗ್ಗೆ ನಾನು ಕೇಳಿರುವ ಪ್ರಾಮಾಣಿಕ ಮಾತುಗಳಲ್ಲಿ ಇದೂ ಒಂದು. ಕಾಳಗದ ನೋವು ಗಳಿಗೆಯದು. ಅದಕ್ಕೆ ಅವರಿಗೆ ತರಬೇತಿ ಇತ್ತು. ಸೆರೆಮನೆಯ ನೋವಿಗೆ ಯಾವ ಕಟ್ಟಳೆಯಲ್ಲೂ ಪಥ್ಯ ಬರೆದಿರಲಿಲ್ಲ.

ಮರುವರ್ಷದ ಏಪ್ರಿಲಿನಲ್ಲಿ ಅದೇ ಆಯೋಗದ ಮುಂದೆ ಬರ್ನಾರ್ ದ ವಾದೊ ಎಂಬ ಟೆಂಪ್ಲರ್ ಪುರೋಹಿತ ಬಂದ, ಆಲ್ಬಿ ಕಡೆಯವನು. ತನ್ನ ಪಾದಗಳನ್ನು ಬೆಂಕಿಗೆ ಒಡ್ಡಿದರು, ಹಿಮ್ಮಡಿಯ ಮಾಂಸ ಸುಟ್ಟುಹೋಯಿತು, ಕೆಲವೇ ದಿನಗಳಲ್ಲಿ ಮೂಳೆಗಳು ಕಳಚಿ ಬಿದ್ದವು ಎಂದ. ಔಷಧಿ ಕುಡಿಯಲೂ ಮುಖ್ಯಸ್ಥನ ಅಪ್ಪಣೆ ಕೇಳಬೇಕಿದ್ದ ಸಂಘದವನು. ಆ ಹೊತ್ತಿಗೆ ಅಪ್ಪಣೆ ಕೊಡಬೇಕಾದ ಮುಖ್ಯಸ್ಥ ತಾನೇ ಸೆರೆಯಲ್ಲಿದ್ದ. ಬರ್ನಾರ್ ಹೇಳಿ ಸುಮ್ಮನಾಗಲಿಲ್ಲ. ಎರಡು ಮೂಳೆಗಳನ್ನು ಜೊತೆಗೆ ತಂದಿದ್ದ. ನನ್ನ ಹಿಮ್ಮಡಿಯಿಂದ ಬಿದ್ದದ್ದು ಇವು ಎಂದು ಹಿಡಿದು ತೋರಿಸಿದ. ಗುಮಾಸ್ತ ಅದನ್ನು ಬರೆದುಕೊಂಡ.